ಲೂಸಿಯನ್ ಹಾಕಬೇಕಿದ್ದ ಓಟು

ಲೂಸಿಯನ್ ಡೇಗಲ್ ಕಾಡಿನಲ್ಲಿ ಬಿದ್ದು ಸತ್ತಾಗ ಅವನ ಒಂದು ಓಟು ಬಾಕಿ ಉಳಿದಿತ್ತು.

ನವೆಂಬರಿನಲ್ಲಿ ಎಲ್ಲರ ಹಾಗೆ ಸೇಂಟ್ ಒಡಿಲ್ ಊರಿನ ಅಗ್ನಿಶಾಮಕ ಠಾಣೆಗೆ ಹೋಗಿ ಹಾಕಿದ ಓಟಲ್ಲ. ಅದು ಬಿದ್ದಾಗಿತ್ತು, ಎಣಿಸಿಯೂ ಆಗಿತ್ತು. ಉಳಿದದ್ದು ಡಿಸೆಂಬರಿನದು. ನವೆಂಬರಿನಲ್ಲಿ ಜನ ಹಾಕುವ ಓಟಿನಿಂದ ಗೆಲ್ಲುವವರು ಎಲೆಕ್ಟರುಗಳು. ಆ ಎಲೆಕ್ಟರುಗಳು ಡಿಸೆಂಬರಿನಲ್ಲಿ ತಂತಮ್ಮ ರಾಜ್ಯದ ರಾಜಧಾನಿಯಲ್ಲಿ ಕೂತು ಚೀಟಿ ಬರೆದ ಮೇಲೆಯೇ ದೇಶಕ್ಕೊಬ್ಬ ಅಧ್ಯಕ್ಷ. ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯಕ್ಕೆ ಅಂಥ ಕುರ್ಚಿಗಳು ನಾಲ್ಕು. ಬೇರೆ ಬಹುತೇಕ ಕಡೆ ಗೆದ್ದ ಪಕ್ಷ ಎಲ್ಲ ಕುರ್ಚಿಗಳನ್ನೂ ಬಾಚಿಕೊಂಡು ಹೋಗುತ್ತದೆ. ಇಲ್ಲಿ ಉತ್ತರದ ಕ್ಷೇತ್ರಕ್ಕೆ ತನ್ನದೇ ಒಂದು ಕುರ್ಚಿ. ಈ ಸಲ ಅಧ್ಯಕ್ಷ ಪದವಿಗೆ ನಿಂತವರು ಒಬ್ಬ ಗವರ್ನರ್, ಒಬ್ಬ ಸೆನೆಟರ್. ಸಮುದ್ರದ ಕಡೆಯ ದಕ್ಷಿಣದವರು ಗವರ್ನರನ್ನು ಬಯಸಿದರು, ಆಲೂಗಡ್ಡೆ ಬೆಳೆಯುವ ಉತ್ತರದವರು ಸೆನೆಟರನ್ನು. ಮೂರು ಕುರ್ಚಿ ಗವರ್ನರ್ ಪಕ್ಷಕ್ಕೆ ಹೋದವು. ನಾಲ್ಕನೆಯದು ಲೂಸಿಯನ್‌ನ ಪಕ್ಷಕ್ಕೆ ಬಂತು, ಪಕ್ಷ ಮೊದಲೇ ಗೊತ್ತು ಮಾಡಿದ್ದಂತೆ ಲೂಸಿಯನ್‌ಗೇ ಬಂತು.

ಹಿಮದ ಮೇಲೆ ಓಡುವ ಸ್ನೋಮೊಬೈಲ್ ರಿಪೇರಿ ಮಾಡುವವನಿಗೆ ಅದು ಸಣ್ಣ ಸಂಗತಿಯಲ್ಲ. ಪೆಟ್ರೋಲ್ ಬಂಕಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಗಿರಾಕಿ ಬಾಯಿ ತೆರೆಯುವ ಮೊದಲೇ ಅವನು ಶುರು ಮಾಡುತ್ತಿದ್ದ. "ನಮ್ಮಜ್ಜ ಶಾಲೇಲಿ ಫ್ರೆಂಚ್ ಮಾತಾಡಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ಏಟು ತಿಂದಿದ್ದ ಕಣಯ್ಯಾ. ಅವನ ಮೊಮ್ಮಗ ಈಗ ಅಧ್ಯಕ್ಷರ ಹೆಸರು ಬರೀತಾನೆ. ಬರೆಯೋ ಮುಂಚೆ ಒಂದ್ಸಲ ಫ್ರೆಂಚಲ್ಲಿ ಜೋರಾಗಿ ಸೀನ್ತೀನಿ, ನೋಡ್ತಿರು."

ಜಿಂಕೆ ಬೇಟೆಯ ಕೊನೆಯ ವಾರ, ಹೊಡೆದ ಗಂಡುಜಿಂಕೆಯನ್ನು ರಸ್ತೆಯವರೆಗೆ ಎಳೆದು ತರುವಾಗ ಅವನ ಎದೆಬಡಿತ ನಿಂತುಹೋಯಿತು. ವಯಸ್ಸು ನಲವತ್ತಾರು.

ಚರ್ಚಿನ ಕೆಲಸಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕ್ಲೋವಿಸ್ ಪೆಲ್ಟಿಯೆ ಬಂದ. ಅವನು ಆಲೂಗಡ್ಡೆ ಗೋದಾಮಿನ ಒಡೆಯ, ಈ ಕಡೆಗೆಲ್ಲ ಪಕ್ಷದ ಹಿರಿಯ. ಲೂಸಿಯನ್‌ನ ಹೆಂಡತಿ ಸಿರಾನ್ ಆಗ ಅತ್ತೆಯ ಅಡುಗೆಮನೆಯಲ್ಲಿ ಕೂತಿದ್ದಳು. ಅತ್ತೆ ಆಲ್ಬರ್ಟಿನ್ ಊರಿಗೆಲ್ಲ ಮೆಮೇರ್, ಅಜ್ಜಿ. ಮೊಮ್ಮಕ್ಕಳಿಲ್ಲದಿದ್ದರೂ ಅಜ್ಜಿ.

"ಪ್ಲೋಯಿ ತಿಂತೀಯಾ ಕ್ಲೋವಿಸ್?"

"ತಿಂದು ಬಂದೆ ಮೆಮೇರ್."

"ತಿಂದ್ಯಾ ಅಂತ ನಾನು ಕೇಳಲಿಲ್ಲ."

ಅವನು ಕೂತ. ಒಂದೇ ಮಗ್ಗುಲು ಬೆಂದು ಮೇಲೆಲ್ಲ ತೂತುತೂತಾದ ಹಳದಿ ದೋಸೆಯಂಥ ಪ್ಲೋಯಿಯನ್ನು ಮೆಮೇರ್ ಕಾವಲಿಯಿಂದ ನೇರ ಅವನ ತಟ್ಟೆಗೆ ಹಾಕಿದಳು. ಅವನು ಬೆಣ್ಣೆ ಸವರಿ, ಸುರುಳಿ ಸುತ್ತಿ, ಕೈಯಲ್ಲಿ ಹಿಡಿದುಕೊಂಡೇ ಮಾತು ತೆಗೆದ.

"ವಿಷಯ ಏನಂದ್ರೆ, ಲೂಸಿಯನ್ ಕುರ್ಚಿ."

ಸಿರಾನ್ ಕಿಟಕಿಯ ಕಡೆ ನೋಡುತ್ತಿದ್ದಳು. ಹೊರಗೆ ನದಿ, ನದಿಯಾಚೆ ಕೆನಡಾ.

"ಬ್ಯಾಂಗರ್ ಪಟ್ಟಣದ ನಮ್ಮ ಪಕ್ಷದೋರು ತಮ್ಮ ಕಡೆಯ ಒಬ್ಬನ ಹೆಸರು ಹಿಡ್ಕೊಂಡು ಕೂತಿದಾರೆ. ಕಾರು ಮಾರೋನು. ಈ ಕಣಿವೆ ಎಲ್ಲಿದೆ ಅಂತ ಅವನ ಕೈಗೆ ನಕ್ಷೆ ಕೊಟ್ರೂ ತಲೆಕೆಳಗೆ ಹಿಡೀತಾನೆ."

"ಹಂಗಾದ್ರೆ ನೀನೇ ಹೋಗು," ಎಂದಳು ಮೆಮೇರ್.

"ನನ್ನನ್ನ ಅವರು ಒಪ್ಪಬೇಕಲ್ಲ? ಖಾಲಿ ಕುರ್ಚಿ ತುಂಬೋರು ಉಳಿದ ಮೂವರು ಎಲೆಕ್ಟರುಗಳು. ಮೂವರೂ ಆ ಪಕ್ಷದೋರು. ನಾವು ಸೂಚಿಸಿದೋರಿಗೆ ಹ್ಞೂಂ ಅನ್ನೋದು ಮರ್ಯಾದೆ, ಆದ್ರೆ ಮರ್ಯಾದೆ ಕಾನೂನಲ್ಲ. ಅವರ ಬಗ್ಗೆ ನಾನು ರೇಡಿಯೋದಲ್ಲಿ ಆಡಿರೋ ಮಾತು ಒಂದಾ ಎರಡಾ? ನನ್ನ ಮುಖ ನೋಡಿದ್ರೆ ಬಾಗಿಲು ಹಾಕ್ಕೋತಾರೆ." ಕ್ಲೋವಿಸ್ ಸಿರಾನ್ ಕಡೆ ತಿರುಗಿದ. "ಆದ್ರೆ ಹೆಂಡತೀನ ಯಾರೂ ಬೇಡ ಅನ್ನಲ್ಲ. ಗಂಡನ ಜಾಗಕ್ಕೆ ಹೆಂಡತಿ, ಇದು ಈ ದೇಶದಲ್ಲಿ ಹಳೇ ಪದ್ಧತಿ. ದೊಡ್ಡ ದೊಡ್ಡ ಕುರ್ಚಿಗಳಿಗೇ ಹಂಗೆ ಹೋಗಿದಾರೆ."

"ನಾನು ಇಲ್ಲಿಯವಳಲ್ಲ," ಎಂದಳು ಸಿರಾನ್.

"ಗೊತ್ತು. ಮದುವೆಯಾಗಿ ಬಂದಾಗಿಂದ ನೋಡ್ತಾನೇ ಇದೀವಿ, ದಿನಾ ಇಲ್ಲಿಯವಳಲ್ಲ ನೀನು." ಕ್ಲೋವಿಸ್ ನಗಲಿಲ್ಲ. "ಹೆಸರಿನ ಹಿಂದೆ ಡೇಗಲ್ ಅಂತ ಇದೆಯಲ್ಲ, ಸಾಕು. ಒಂದು ಚೀಟಿ ಬರೆಯೋದು, ಸಹಿ ಹಾಕೋದು. ನಾನೇ ಕಾರಲ್ಲಿ ಕರ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ."

"ನಾಳೆ ಹೇಳ್ತೀನಿ," ಎಂದಳು.

ಕ್ಲೋವಿಸ್‌ಗೆ ಗೊತ್ತಿಲ್ಲದ್ದು ಎರಡಿದ್ದವು. ಮೊದಲನೆಯದು, ಸಿರಾನ್ ನವೆಂಬರಿನಲ್ಲಿ ಓಟು ಹಾಕಿದ್ದು ಗವರ್ನರಿಗೆ. ಪ್ರತಿ ಚುನಾವಣೆಯಲ್ಲೂ ಗಂಡ ಹೆಂಡತಿ ಒಂದೇ ಗಾಡಿಯಲ್ಲಿ ಹೋಗಿ, ಒಬ್ಬರ ಓಟನ್ನು ಇನ್ನೊಬ್ಬರು ಅಳಿಸಿ, ಒಂದೇ ಗಾಡಿಯಲ್ಲಿ ವಾಪಸು ಬರುತ್ತಿದ್ದರು. ಪೆಟ್ರೋಲ್ ದಂಡ ಎಂದು ಲೂಸಿಯನ್ ನಗುತ್ತಿದ್ದ.

ಎರಡನೆಯದು, ಆ ಕುರ್ಚಿಯೇ ಇರಬಾರದೆಂದು ಅವಳು ನಂಬಿದ್ದಳು.

ಅವಳು ಕ್ಯಾಲಿಫೋರ್ನಿಯಾದ ಫ್ರೆಸ್ನೊ ಕಡೆಯವಳು, ಅರ್ಮೇನಿಯನ್ನರ ಮನೆಯವಳು. ಅಪ್ಪ ವಾಹೆ ಬೆಡ್ರೋಸಿಯನ್ ದ್ರಾಕ್ಷಿ ಬೆಳೆದು ತೋಟದ ಸಾಲುಗಳ ನಡುವೆ ಕಾಗದ ಹಾಸಿ ಒಣಗಿಸುವವನು. ತಮಾಷೆಯೆಂದರೆ ಅಪ್ಪನದು ಅಳಿಯನ ಪಕ್ಷ. ಆ ಪಕ್ಷ ಆ ರಾಜ್ಯದಲ್ಲಿ ಗೆಲ್ಲುವುದೇ ಇಲ್ಲ. ಆದರೂ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಓಟು ಹಾಕಿ ಬರುತ್ತಿದ್ದ. ಅವನು ಮನೆಗೆ ಬಂದು ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಟಿವಿಯಲ್ಲಿ ರಾಜ್ಯಕ್ಕೆ ರಾಜ್ಯವೇ ಎದುರು ಪಕ್ಷದ ಬಣ್ಣ ಬಳಿದುಕೊಂಡಿರುತ್ತಿತ್ತು. "ನನ್ನ ಓಟು ಎಲ್ಲಿ ಹೋಯ್ತು ಮಗಾ?" ಎಂದು ಒಮ್ಮೆ ಕೇಳಿದ. ಕೋಪದಿಂದಲ್ಲ, ತೋಟದಲ್ಲಿ ಮರೆತುಬಂದ ಕತ್ತರಿಯನ್ನು ಕೇಳುವ ಹಾಗೆ. ಅವಳಾಗ ಶಾಲೆಯ ಹುಡುಗಿ. ಮುಂದೆ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದಳು, ಈಗ ನದಿಯ ಮೇಲ್ದಂಡೆಯ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತಾಳೆ. ಅಪ್ಪನ ಪ್ರಶ್ನೆಗೆ ಅವಳಿಗೆ ತೋಚಿದ ಉತ್ತರ ಒಂದೇ: ದೇಶದ ಓಟುಗಳನ್ನೆಲ್ಲ ಒಂದೇ ರಾಶಿ ಹಾಕಿ ಎಣಿಸಬೇಕು.

"ಒಂದೇ ರಾಶಿ ಹಾಕಿದ್ರೆ ನಾವು ತಳಕ್ಕೆ ಹೋಗ್ತೀವಿ," ಎನ್ನುತ್ತಿದ್ದ ಲೂಸಿಯನ್. "ಈ ಒಂದು ಕುರ್ಚಿ ಇರೋದ್ರಿಂದ ತಾನೇ ಆ ಸೆನೆಟರ್ ಪುಣ್ಯಾತ್ಮ ವಿಮಾನ ಹತ್ತಿ ಬ್ಯಾಂಗರಿಗೆ ಬಂದಿದ್ದು? ಇಲ್ಲಾಂದ್ರೆ ಲಾಸ್ ಏಂಜಲೀಸಿನ ಒಂದು ಬೀದೀಲಿ ಮೆರವಣಿಗೆ ಮಾಡಿ ಮುಗಿಸ್ತಿದ್ದ."

"ಬ್ಯಾಂಗರಿಗೆ ಬಂದು ಏನ್ ಮಾಡ್ದ? ಲಾಬ್ಸ್ಟರ್ ತಿಂದು ಹೋದ."

"ತಿನ್ನಲಿ ಬಿಡು. ನಿಮ್ಮಪ್ಪನ ದ್ರಾಕ್ಷಿ ತಿನ್ನೋಕೆ ಒಬ್ಬನಾದ್ರೂ ಬಂದಿದ್ನಾ?"

"ಬರಲಿಲ್ಲ. ಅದನ್ನೇ ಹೇಳ್ತಿರೋದು."

"ನಾನೂ ಅದನ್ನೇ ಹೇಳ್ತಿರೋದು!"

ಜನರ ನೇರ ಓಟಿಗೆ ಒಪ್ಪಿಗೆ ಕೊಡುವ ಮಸೂದೆಯೊಂದು ರಾಜಧಾನಿ ಅಗಸ್ಟಾದಲ್ಲಿ ಓಡಾಡುತ್ತಿತ್ತು. ಹಿಂದಿನ ವಸಂತದಲ್ಲಿ ಅದರ ಪರವಾಗಿ ಒಂದು ಸಭೆಯಲ್ಲಿ ಸಿರಾನ್ ಮಾತಾಡಿದ್ದಳು. ಲೂಸಿಯನ್ ಅವಳನ್ನು ಅಲ್ಲಿಗೆ ಗಾಡಿಯಲ್ಲಿ ಬಿಟ್ಟು, ಹಿಂದಿನ ಸಾಲಿನಲ್ಲಿ ಕೂತು, ಕೊನೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಎದ್ದು ನಿಂತು ಅವಳ ವಿರುದ್ಧ ಮಾತಾಡಿದ್ದ.

ಆ ಸಭೆಯಲ್ಲಿ ಅವಳ ಮಾತು ಕೇಳಿದ್ದ ಇನ್ನೊಬ್ಬ ಆ ಮಧ್ಯಾಹ್ನ ಫೋನ್ ಮಾಡಿದ. ಟೋಬಿಯಾಸ್ ಹ್ಯಾಸ್ಕೆಲ್, ಪೋರ್ಟ್‌ಲ್ಯಾಂಡಿನ ವಕೀಲ, ದಕ್ಷಿಣದ ಮೂವರು ಎಲೆಕ್ಟರುಗಳಲ್ಲಿ ಕಿರಿಯ. ಮೊದಲು ಸಾವಿನ ಮಾತು ಆಡಿದ. ಆಮೇಲೆ ಅಂದ:

"ನಿಮ್ಮ ಹೆಸರು ಸೂಚಿಸ್ತಾರೆ ಅಂತ ಕೇಳ್ದೆ ಮೇಡಂ. ನಮ್ಮ ಮೂರು ಓಟೂ ನಿಮಗೇ. ಖುಷಿಯಿಂದ."

"ಯಾಕೆ?"

"ಯಾಕೆ ಅಂತ ನಿಮಗೇ ಗೊತ್ತಲ್ಲ. ದೇಶದಲ್ಲಿ ಯಾರಿಗೆ ಹೆಚ್ಚು ಓಟು ಬಿತ್ತು? ಗವರ್ನರಿಗೆ. ಕುರ್ಚಿ ಲೆಕ್ಕದಲ್ಲಿ ಗೆದ್ದೋರು ಯಾರು? ಸೆನೆಟರ್. ಇದು ಸರಿಯಲ್ಲ ಅಂತ ನಿಮ್ಮಷ್ಟು ಚೆನ್ನಾಗಿ ಯಾರೂ ಹೇಳಿಲ್ಲ. ಈಗ ಹೇಳೋದು ಬೇಡ, ಚೀಟಿ ಮೇಲೆ ಬರೆದುಬಿಡಿ."

"ನನ್ನ ಒಂದು ಚೀಟಿಯಿಂದ ಫಲಿತಾಂಶ ಬದಲಾಗಲ್ಲ."

"ಆಗಲ್ಲ. ಸಭೆಯ ಅಧ್ಯಕ್ಷತೆ ವಹಿಸಿದೋರು, ಕ್ಷೇತ್ರ ಹೇಳಿದ ಹೆಸರಲ್ಲ ಅಂತ ಆ ಚೀಟೀನ ತಳ್ಳಿಹಾಕಲೂಬಹುದು. ಹಾಕಲಿ, ಕೋರ್ಟಿಗೆ ಹೋಗೋಣ. ಆದ್ರೆ ಆ ಕಡೆಯ ಕುರ್ಚಿಯಲ್ಲೇ ಕೂತ ಒಬ್ಬರು, ಇಡೀ ದೇಶದ ಜನ ಹೇಳಿದ ಹೆಸರನ್ನ ಬರೆದ್ರು ಅನ್ನೋದು ಉಳಿಯುತ್ತೆ. ಅದು ಸಾವಿರ ಭಾಷಣಕ್ಕೆ ಸಮ."

ಫೋನ್ ಇಟ್ಟ ಮೇಲೂ ಅವಳು ಅಲ್ಲೇ ನಿಂತಿದ್ದಳು. ಅವನ ಮಾತಿನಲ್ಲಿ ತಪ್ಪೇನಿತ್ತು ಎಂದು ಹುಡುಕಿದಳು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವಳು ಬೇಕೆಂದ ಅಭ್ಯರ್ಥಿ, ದೇಶ ಬೇಕೆಂದ ಅಭ್ಯರ್ಥಿ, ಅವಳು ನಂಬಿದ ತತ್ತ್ವ, ಮೂರೂ ಒಂದೇ ಹೆಸರಿನಲ್ಲಿ ಬಂದು ಕೂತಿದ್ದವು. ಆ ಹೆಸರನ್ನು ಬರೆಯಲು ಸಿಕ್ಕಿದ್ದು ಮಾತ್ರ ಲೂಸಿಯನ್‌ನ ಚೀಟಿ.

ಹೋಗದೆ ಇದ್ದರೆ? ಕಾರು ಮಾರುವವನು ಕೂರುತ್ತಾನೆ. ಅದೇನು ಮಹಾ. ಆದರೆ ಲೂಸಿಯನ್ ಇರಬೇಕಿದ್ದ ಕಡೆ ಯಾವನೋ ಇರುವುದನ್ನು ಅವಳು ದಿನಾ ನೋಡುತ್ತಿದ್ದಳು. ಅಂಗಡಿಯಲ್ಲಿ ಅವನ ಪಾನಾಗಳನ್ನು ಇನ್ಯಾರೋ ಹಿಡಿದಿದ್ದರು, ಚರ್ಚಿನಲ್ಲಿ ಅವನ ಬೆಂಚಿನ ತುದಿಗೆ ಇನ್ಯಾರೋ ಸರಿದಿದ್ದರು. ಅವಳಿಗೆ ಅಳು ಬರುತ್ತಿರಲಿಲ್ಲ. ಏನೂ ಬರುತ್ತಿರಲಿಲ್ಲ. ಈ ಒಂದು ಜಾಗವಾದರೂ, ಎನ್ನಿಸಿತು. ಮರುದಿನ ಕ್ಲೋವಿಸ್‌ಗೆ ಹ್ಞೂಂ ಎಂದಳು. ಯಾರ ಹೆಸರು ಬರೆಯುವುದೆಂದು ತನಗೇ ಹೇಳಿಕೊಳ್ಳಲಿಲ್ಲ.

ಹೊರಡುವ ಹಿಂದಿನ ದಿನ ಮೆಮೇರ್ ಅವಳಿಗೆ ಆಲೂಗಡ್ಡೆ ಸುಲಿಯಲು ಕೊಟ್ಟಳು. ಮಾತಾಡುವುದಿದ್ದರೆ ಮೆಮೇರ್ ಮೊದಲು ಎದುರಿನವರ ಕೈ ಕಟ್ಟಿಹಾಕುತ್ತಾಳೆ.

"ಸಿಪ್ಪೆ ದಪ್ಪ ತೆಗೀತಿದೀಯ. ಹಂದಿ ಸಾಕಿದೀವಾ ನಾವು?"

ಸಿರಾನ್ ಚಾಕುವನ್ನು ಓರೆ ಮಾಡಿದಳು.

"ನೀನು ಯಾರಿಗೆ ಹಾಕಿದೆ ಅಂತ ನನಗೆ ಗೊತ್ತು ಮಗಳೇ."

ಚಾಕು ನಿಂತಿತು.

"ಅವನೇ ಹೇಳ್ದ. ಪ್ರತಿ ಸಲ ಓಟು ಹಾಕಿ ಸೀದಾ ಇಲ್ಲಿಗೆ ಬಂದು ಹೇಳ್ತಿದ್ದ, 'ಅಮ್ಮಾ, ಈ ಸಲಾನೂ ನನ್ನ ಓಟು ಕೊಂದ್ಲು.' ಏನೋ ಬಹುಮಾನ ಬಂದೋನ ಹಂಗೆ ನಗೋನು." ಮೆಮೇರ್ ಒಂದು ಆಲೂಗಡ್ಡೆಯ ಕಣ್ಣು ಕಿತ್ತಳು. "ಕ್ಲೋವಿಸ್‌ಗೆ ನಾನು ಹೇಳಿಲ್ಲ. ಹೇಳೋದೂ ಇಲ್ಲ."

"ನಾನು ಹೋಗೋದು ಬೇಡ್ವಾ?"

"ಅದನ್ನ ನಾನು ಯಾಕೆ ಹೇಳ್ಲಿ? ನೀನು ಓದಿದೋಳು. ಆ ಕುರ್ಚಿ ಒಳ್ಳೇದೋ ಕೆಟ್ಟದೋ ನನಗೆ ಗೊತ್ತಿಲ್ಲ. ಒಂದು ಗೊತ್ತು. ಈ ಕಡೆ ಜನ ಹಿಮದಲ್ಲಿ ಗಾಡಿ ಓಡಿಸ್ಕೊಂಡು ಹೋಗಿ ಒಂದು ಹೆಸರು ಹೇಳಿದ್ರು. ಅದನ್ನ ತಲುಪಿಸ್ತೀನಿ ಅಂತ ನನ್ನ ಮಗ ಒಪ್ಕೊಂಡಿದ್ದ. ನಿನಗೆ ಆ ಹೆಸರು ಆಗಲ್ಲ ಅಂದ್ರೆ ಬೇಡ, ಆಗಲ್ಲ ಅಂತ ಹೇಳಿ ಮನೇಲಿರು. ನಾನು ಬಯ್ಯಲ್ಲ. ಅವನ ಹೆಸರು ಹೇಳ್ಕೊಂಡು ಹೋಗಿ ಬೇರೆ ಬರೆದ್ರೆ ಮಾತ್ರ ಬಯ್ತೀನಿ. ಸಾಯೋ ತನಕ ಬಯ್ತೀನಿ."

"ಗೊತ್ತಾಯ್ತು ಮೆಮೇರ್."

"ಗೊತ್ತಾದ್ರೆ ಸಿಪ್ಪೆ ತೆಳ್ಳಗೆ ತೆಗಿ."

ಅಗಸ್ಟಾಕ್ಕೆ ದಾರಿ ಉದ್ದ. ಕಾಡು, ಕಾಡು, ಮತ್ತೆ ಕಾಡು. ಕ್ಲೋವಿಸ್ ದಾರಿಯುದ್ದಕ್ಕೂ ಆಲೂಗಡ್ಡೆಯ ಬಗ್ಗೆ, ಕೆನಡಾದವರ ಆಲೂಗಡ್ಡೆಯ ಬಗ್ಗೆ, ಕೆನಡಾದವರ ಬಗ್ಗೆ ಮಾತಾಡಿದ. ಕರಿ ಕೋಟು ತೊಟ್ಟು ಪಕ್ಕದಲ್ಲಿ ಕೂತಿದ್ದ ಸಿರಾನ್ ಅಲ್ಲಲ್ಲಿ ಹ್ಞೂಂಗುಟ್ಟಿದಳು. ಬ್ಯಾಂಗರ್ ದಾಟಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡ.

"ನೀನು ಏನೂ ಮಾತಾಡಬೇಕಾಗಿಲ್ಲ. ನಾನು ಹೆಸರು ಸೂಚಿಸ್ತೀನಿ, ಅವರು ಕೈ ಎತ್ತುತಾರೆ, ನೀನು ಹೋಗಿ ಕೂರ್ತೀಯ. ಅಷ್ಟೇ. ಸುಲಭ."

"ಸುಲಭ," ಎಂದಳು.

ಶಾಸನಸಭೆಯ ಕಟ್ಟಡದಲ್ಲಿ ಜನ ಬಹಳ ಇರಲಿಲ್ಲ. ಶಾಲೆಯೊಂದರ ಮಕ್ಕಳನ್ನು ಗ್ಯಾಲರಿಯಲ್ಲಿ ಕೂರಿಸಿದ್ದರು, ಟೀಚರ್ ಅವರ ಟೋಪಿಗಳನ್ನು ತೆಗೆಸುತ್ತಿದ್ದಳು. ಉದ್ದ ಮೇಜಿನ ಹಿಂದೆ ನಾಲ್ಕು ಕುರ್ಚಿ. ಮೂರರಲ್ಲಿ ಜನ. ನಡುವೆ ಕೂತಿದ್ದವಳು ಸಭೆಯ ಅಧ್ಯಕ್ಷೆ ಪ್ರುಡೆನ್ಸ್ ಮೇಹ್ಯೂ, ನಿವೃತ್ತ ಲೈಬ್ರರಿಯನ್, ಕನ್ನಡಕವನ್ನು ಸರಪಳಿಯಲ್ಲಿ ತೂಗಿಬಿಟ್ಟಿದ್ದಳು. ಅವಳ ಬಲಕ್ಕೆ ಟೋಬಿಯಾಸ್. ಎಡಕ್ಕೆ ಎಜ್ರಾ ಬೀಲ್, ಕಡಲಿಗೆ ಬೋನು ಇಳಿಸಿ ಲಾಬ್ಸ್ಟರ್ ಹಿಡಿಯುವವನು. ಕೊರಳಿಗೆ ಬಿಗಿದ ಟೈ ಅವನ ಮುಖವನ್ನು ಕೆಂಪು ಮಾಡಿತ್ತು. ನಾಲ್ಕನೆಯ ಕುರ್ಚಿಯನ್ನು ಮೇಜಿಗೆ ಒತ್ತಿ ಇಟ್ಟಿದ್ದರು.

ಪ್ರಾರ್ಥನೆ ಆಯಿತು. ಲೂಸಿಯನ್‌ಗಾಗಿ ಎಲ್ಲರೂ ಒಂದು ಗಳಿಗೆ ಎದ್ದು ನಿಂತರು. ಕ್ಲೋವಿಸ್ ಹೆಸರು ಸೂಚಿಸಿದ. ಟೋಬಿಯಾಸ್ ತಕ್ಷಣ ಅನುಮೋದಿಸಿದ. ಎಷ್ಟು ತಕ್ಷಣವೆಂದರೆ ಕ್ಲೋವಿಸ್ ಆಶ್ಚರ್ಯದಿಂದ ಅವನ ಕಡೆ ನೋಡಿ, ಈ ಪಕ್ಷದಲ್ಲೂ ಒಳ್ಳೆಯವರಿದ್ದಾರಲ್ಲ ಎನ್ನುವ ಮುಖ ಮಾಡಿದ.

"ಮತಕ್ಕೆ ಹಾಕ್ತೀನಿ," ಎಂದಳು ಪ್ರುಡೆನ್ಸ್.

"ಅದಕ್ಕೂ ಮುಂಚೆ ನಾನೊಂದು ಮಾತು ಹೇಳಬೇಕು," ಎಂದಳು ಸಿರಾನ್.

ಕ್ಲೋವಿಸ್ ಅವಳ ತೋಳು ಮುಟ್ಟಿದ. ಅವಳು ಎದ್ದು ನಿಂತಾಗಿತ್ತು.

"ನನ್ನನ್ನ ಯಾರು ಅಂದ್ಕೊಂಡು ಆರಿಸ್ತಿದೀರಿ ಅಂತ ನಿಮಗೆ ಗೊತ್ತಿರಬೇಕು. ನಾನು ಲೂಸಿಯನ್ ಡೇಗಲ್ ಅವರ ಹೆಂಡತಿ. ನವೆಂಬರಿನಲ್ಲಿ ನಾನು ಅವರ ಅಭ್ಯರ್ಥಿಗೆ ಓಟು ಹಾಕಲಿಲ್ಲ. ಗವರ್ನರಿಗೆ ಹಾಕಿದೆ."

ಗ್ಯಾಲರಿಯಲ್ಲಿ ಟೀಚರ್ ತಲೆ ಎತ್ತಿದಳು. ಕ್ಲೋವಿಸ್ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ.

"ಇನ್ನೊಂದು. ಈ ಕುರ್ಚಿಗಳು ಇರಬಾರದು ಅನ್ನೋಳು ನಾನು. ಒಬ್ಬ ಮನುಷ್ಯನ ಓಟು ಎಲ್ಲಿದ್ರೂ ಒಂದೇ ತೂಕ ಇರಬೇಕು. ಇವತ್ತೂ ಹಾಗೇ ಅಂದ್ಕೊಂಡಿದೀನಿ."

ಟೋಬಿಯಾಸ್ ಮುಗುಳ್ನಗುತ್ತಿದ್ದ.

"ಆದ್ರೆ ತಕ್ಕಡಿ ಸರಿಯಿಲ್ಲ ಅಂತ ಸಂತೇಲಿ ನಿಂತು ಕೂಗೋದು ಬೇರೆ, ತೂಗೋವಾಗ ತಟ್ಟೆ ಮೇಲೆ ಹೆಬ್ಬೆರಳು ಒತ್ತೋದು ಬೇರೆ. ಉತ್ತರದ ಕ್ಷೇತ್ರದ ಜನ ಸೆನೆಟರ್ ಹೆಸರು ಹೇಳಿದಾರೆ. ನನ್ನನ್ನ ಕೂರಿಸಿದ್ರೆ ನಾನು ಆ ಹೆಸರನ್ನೇ ಬರೀತೀನಿ. ಇದನ್ನ ಕೇಳಿದ ಮೇಲೆ ಯಾರಿಗಾದ್ರೂ ನಾನು ಬೇಡ ಅನ್ನಿಸಿದ್ರೆ ದಯವಿಟ್ಟು ಈಗಲೇ ಬೇಡ ಅನ್ನಿ. ನನಗೆ ಬೇಜಾರಿಲ್ಲ."

ಅವಳು ನಿಂತೇ ಇದ್ದಳು. ಇಷ್ಟು ದಿನ ಏನೂ ಬೇಕು ಎನ್ನಿಸದವಳಿಗೆ ಈಗ, ಈ ಮೇಜಿನ ಮುಂದೆ, ಆ ಕುರ್ಚಿ ಬೇಕೇಬೇಕು ಎನ್ನಿಸಿತು. ಅದನ್ನು ಕಳೆದುಕೊಳ್ಳುವ ಮಾತನ್ನು ಆಡಿ ಮುಗಿಸಿದ ಮೇಲೆ.

ಟೋಬಿಯಾಸ್‌ನ ಮುಗುಳ್ನಗೆ ಹೋಗಿತ್ತು. "ಮೇಡಂ ಅಧ್ಯಕ್ಷರೇ, ನನ್ನ ಅನುಮೋದನೆ ವಾಪಸ್ ತಗೋತೀನಿ. ಇದು ವೈಯಕ್ತಿಕ ಅಲ್ಲ. ಹೆಚ್ಚು ಜನ ಹೇಳಿದ ಹೆಸರು ಯಾವುದು ಅಂತ ಇವರಿಗೆ ಗೊತ್ತು. ಗೊತ್ತಿದ್ದೂ ಇನ್ನೊಂದು ಬರೀತೀನಿ ಅಂತಾರೆ. ಅಂಥೋರಿಗೆ ನಾನು ಹೇಗೆ ಕೈ ಎತ್ತಲಿ?"

"ಅದು ನಿಮ್ಮ ಹಕ್ಕು," ಎಂದಳು ಪ್ರುಡೆನ್ಸ್. "ಅನುಮೋದಿಸೋರು ಬೇರೆ ಯಾರಾದ್ರೂ ಇದೀರಾ?"

ಗ್ಯಾಲರಿಯಲ್ಲಿ ಒಂದು ಮಗು ಕೆಮ್ಮಿತು. ಎಜ್ರಾ ಬೀಲ್ ಟೈ ಸಡಿಲಿಸಿದ.

"ನೋಡಮ್ಮಾ," ಎಂದ ಸಿರಾನ್‌ಗೆ. "ನಿನ್ನ ಗಂಡನ ಪಕ್ಷ ಕಂಡ್ರೆ ನನಗೆ ಮೈ ಉರಿಯುತ್ತೆ. ಆ ಸೆನೆಟರ್ ಕಂಡ್ರೆ ಇನ್ನೂ ಉರಿಯುತ್ತೆ. ನೀನು ಏನೂ ಹೇಳದೆ ಕೂತು ನಮ್ಮ ಗವರ್ನರ್ ಹೆಸರು ಬರೆದಿದ್ರೆ ನಾನು ಇವತ್ತು ಒಂದು ಬಿಯರ್ ಜಾಸ್ತಿ ಕುಡೀತಿದ್ದೆ."

"ಮಿಸ್ಟರ್ ಬೀಲ್," ಎಂದಳು ಪ್ರುಡೆನ್ಸ್.

"ಮುಗಿಸ್ತೀನಿ ತಾಯೀ. ನಮ್ಮ ಕೊಲ್ಲಿಯಲ್ಲಿ ಒಬ್ಬ ಸತ್ರೆ, ಅವನು ನೀರಿಗಿಳಿಸಿದ ಬೋನುಗಳನ್ನ ನಾವು ಹೋಗಿ ಎತ್ತಿಕೊಡ್ತೀವಿ. ಅವನು ಸ್ನೇಹಿತ ಆಗಿರಬೇಕಿಲ್ಲ. ಬದುಕಿದ್ದಾಗ ನನ್ನ ಹಗ್ಗ ಕತ್ತರಿಸಿದೋನಾದ್ರೂ ಸರಿ. ಬೋನಲ್ಲಿ ಬಿದ್ದಿದ್ದು ಅವನ ಮನೆಗೇ ಹೋಗುತ್ತೆ. ನಾನು ಅನುಮೋದಿಸ್ತೀನಿ."

ಪ್ರುಡೆನ್ಸ್ ಮತಕ್ಕೆ ಹಾಕಿದಳು. ಎಜ್ರಾ ಕೈ ಎತ್ತಿದ. ಟೋಬಿಯಾಸ್ ಎತ್ತಲಿಲ್ಲ. ಉಳಿದದ್ದು ಅವಳೇ. ಅವಳು ಕನ್ನಡಕ ಹಾಕಿಕೊಂಡು, ಸಿರಾನ್‌ಳನ್ನು ಒಮ್ಮೆ ಪೂರ್ತಿ ನೋಡಿ, ಕನ್ನಡಕ ತೆಗೆದು, ಕೈ ಎತ್ತಿದಳು.

"ಬನ್ನಿ ಮಿಸೆಸ್ ಡೇಗಲ್."

ಕುರ್ಚಿ ಭಾರವಿತ್ತು. ಎಜ್ರಾ ಅದನ್ನು ಹಿಂದಕ್ಕೆ ಎಳೆದುಕೊಟ್ಟ. ಅಧ್ಯಕ್ಷ ಸ್ಥಾನಕ್ಕೆ ಒಂದು ಚೀಟಿ, ಉಪಾಧ್ಯಕ್ಷ ಸ್ಥಾನಕ್ಕೆ ಇನ್ನೊಂದು. ಅವಳು ಸೆನೆಟರ್ ಹೆಸರನ್ನು ನಿಧಾನವಾಗಿ ಬರೆದಳು. ಆ ಹೆಸರಿನ ಮನುಷ್ಯ ಅವಳಿಗೆ ಮೊದಲಿನಷ್ಟೇ ಬೇಡವಾಗಿದ್ದ. ಅದೇನೂ ಬದಲಾಗಲಿಲ್ಲ. ಮಡಚಿ ಪೆಟ್ಟಿಗೆ ಬರುವುದನ್ನು ಕಾಯುವಾಗ ಮಾತ್ರ, ಇಲ್ಲಿ ಲೂಸಿಯನ್ ಜೋರಾಗಿ ಸೀನುತ್ತಿದ್ದ ಎಂದು ನೆನಪಾಗಿ, ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬರುತ್ತಿತ್ತು. ಪಕ್ಕದಲ್ಲಿದ್ದ ಎಜ್ರಾ ಅಳುತ್ತಿದ್ದಾಳೆಂದುಕೊಂಡು ಕರವಸ್ತ್ರ ಕೊಟ್ಟ.

ಎಣಿಕೆಯಾಯಿತು. ಗವರ್ನರಿಗೆ ಮೂರು, ಸೆನೆಟರಿಗೆ ಒಂದು. ಪ್ರಮಾಣಪತ್ರದ ಪ್ರತಿಗಳು ಒಂದೊಂದಾಗಿ ಬಂದವು, ನಾಲ್ವರೂ ಸಹಿ ಹಾಕಿದರು. ಟೋಬಿಯಾಸ್ ಎದ್ದು ಬಂದು ಪೆನ್ನು ದಾಟಿಸುವಾಗ ತಗ್ಗಿದ ದನಿಯಲ್ಲಿ, "ವಸಂತದಲ್ಲಿ ಮಸೂದೆ ಮತ್ತೆ ಬರುತ್ತೆ. ಬರ್ತೀರಾ?" ಎಂದ.

"ಬರ್ತೀನಿ," ಎಂದಳು.

ವಾಪಸು ದಾರಿಯಲ್ಲಿ ಕ್ಲೋವಿಸ್ ಆಲೂಗಡ್ಡೆಯ ಮಾತು ಎತ್ತಲಿಲ್ಲ. ಕಾಡು ಶುರುವಾದ ಮೇಲೆ ಹಿಮ ಬೀಳತೊಡಗಿತು.

"ನನಗೆ ಮೊದಲೇ ಹೇಳಬಹುದಿತ್ತು," ಎಂದ ಕೊನೆಗೆ.

"ಹೇಳಿದ್ರೆ ಕರ್ಕೊಂಡು ಹೋಗ್ತಿದ್ರಾ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಇಲ್ಲ."

"ಮತ್ತೆ?"

"ಮತ್ತೆ ಏನು! ಆ ಬೀಲ್ ಕೈ ಎತ್ತದೆ ಹೋಗಿದ್ರೆ? ಕಣಿವೆಗೆ ಹೋಗಿ ನಾನು ಏನಂತ ಮುಖ ತೋರಿಸ್ತಿದ್ದೆ?" ಸ್ವಲ್ಪ ದೂರ ಹೋದ ಮೇಲೆ ಅವನ ದನಿ ಇಳಿಯಿತು. "ಬರೆದೆಯಲ್ಲ. ಅದು ಸರಿ. ಅದಕ್ಕೆ ನಾನು ಏನೂ ಹೇಳಲ್ಲ. ಆದ್ರೆ ಆ ವಕೀಲ ಏನೋ ಪಿಸುಗುಟ್ಟುತಿದ್ದ."

"ವಸಂತದಲ್ಲಿ ಮಸೂದೆ ಪರವಾಗಿ ಮಾತಾಡೋಕೆ ಕರೆದ. ಬರ್ತೀನಿ ಅಂದೆ."

"ಅಂದ್ರೆ, ಇವತ್ತು ಕೂತ ಕುರ್ಚೀನ ನಾಳೆ ಕಿತ್ತು ಒಲೆಗೆ ಹಾಕ್ತೀಯ."

"ಹ್ಞೂಂ."

"ಹಂಗಾದ್ರೆ ನಾನು ನಿನ್ನ ಎದುರು ನಿಂತು ಮಾತಾಡ್ತೀನಿ. ಬಿಡಲ್ಲ."

"ಏನಂತ ಮಾತಾಡ್ತೀರಿ?"

"ಏನಂತ ಅಂದ್ರೆ… ನಮ್ಮ ಹಿರಿಯರು, ಸಂವಿಧಾನ…" ಕ್ಲೋವಿಸ್ ಸ್ಟೀರಿಂಗಿಗೆ ಗುದ್ದಿದ. "ಲೂಸಿಯನ್ ಚೆನ್ನಾಗಿ ಹೇಳ್ತಿದ್ದ. ನನಗೆ ಅಷ್ಟು ಬರಲ್ಲ."

ಮುಂದೆ ಹಿಮ ತೆಗೆಯುವ ಲಾರಿಯೊಂದು ಹಳದಿ ದೀಪ ತಿರುಗಿಸುತ್ತ ನಿಧಾನವಾಗಿ ಹೋಗುತ್ತಿತ್ತು. ಕ್ಲೋವಿಸ್ ಕಾರು ನಿಧಾನಿಸಿ ಅದರ ಬೆನ್ನು ಹಿಡಿದ.

"ನಾನು ಹೇಳಿಕೊಡ್ತೀನಿ," ಎಂದಳು ಸಿರಾನ್.

"ಏನು?"

"ಅವನ ವಾದ. ಪೂರ್ತಿ ಗೊತ್ತಿರೋಳು ನಾನೊಬ್ಬಳೇ ಅಲ್ವಾ? ಕೇಳಿ. ಅವನು ಹೀಗೆ ಶುರು ಮಾಡ್ತಿದ್ದ. 'ಹಿಮ ಬಿದ್ದಾಗ ಯಾವ ರಸ್ತೆ ಮೊದಲು ತೆರವು ಮಾಡ್ತಾರೆ? ಹೆಚ್ಚು ಜನ ಓಡಾಡೋದನ್ನ. ನ್ಯಾಯ. ಆದ್ರೆ ನದೀ ಪಕ್ಕದ ಕೊನೇ ಮನೇಲಿ ಮುದುಕಿಯೊಬ್ಬಳೇ ಇದಾಳೆ. ತಲೆ ಎಣಿಸಿದ್ರೆ ಅವಳ ರಸ್ತೆಗೆ ಲಾರಿ ಮಾರ್ಚ್ ಕಳೆದ್ರೂ ಬರಲ್ಲ. ಆದ್ರೂ ಬೆಳಗಾಗೋದ್ರೊಳಗೆ ಬಂದಿರುತ್ತೆ. ಯಾಕೆ? ಊರು ಕಟ್ಟುವಾಗ ಎಲ್ಲರೂ ಹಂಗಂತ ಮಾತು ಕೊಟ್ಟಿದ್ರು. ಕೊಟ್ಟ ಮಾತಿಗೆ ತಲೆ ಎಣಿಸಲ್ಲ.'"

ಅವಳಿಗೇ ಗೊತ್ತಿಲ್ಲದೆ ಅವಳ ದನಿ ಮೇಲೇರಿತ್ತು. ಲೂಸಿಯನ್ ನಿಲ್ಲಿಸುವ ಕಡೆ ಅವಳೂ ನಿಲ್ಲಿಸಿದಳು, ಅವನು ಕೈ ಬೀಸುವ ಕಡೆ ಅವಳ ಕೈಯೂ ಎದ್ದಿತು.

"ನಿಧಾನ, ನಿಧಾನ," ಎಂದ ಕ್ಲೋವಿಸ್. "ಕೊಟ್ಟ ಮಾತಿಗೆ ತಲೆ ಎಣಿಸಲ್ಲ. ಚೆನ್ನಾಗಿದೆ. ಅದಕ್ಕೆ ನೀನು ಏನಂತಿದ್ದೆ?"

"ರಸ್ತೆ ತೆರವು ಮಾಡು, ಬೇಡ ಅನ್ನಲ್ಲ. ಮುದುಕಿಗೆ ರಸ್ತೆ ಬೇಕು. ಆದ್ರೆ ಅವಳಿಗೆ ನಮ್ಮಪ್ಪನಿಗಿಂತ ದೊಡ್ಡ ಓಟು ಯಾಕೆ ಬೇಕು, ಅಂತಿದ್ದೆ."

ಕ್ಲೋವಿಸ್ ವೈಪರನ್ನು ಜೋರು ಮಾಡಿದ.

"ಇದು ಕಷ್ಟ ಆಯ್ತಲ್ಲ. ಅದಕ್ಕೆ ಅವನು ಏನಂತಿದ್ದ?"

ಸಿರಾನ್ ಬಾಯಿ ತೆರೆದಳು. ಹುಡುಕಿದಳು. ಅಡುಗೆಮನೆ, ಗಾಡಿ, ಅಂಗಡಿ, ಎಲ್ಲ ಜಗಳಗಳನ್ನೂ ಒಂದೊಂದಾಗಿ ತಿರುವಿ ನೋಡಿದಳು. ಅದಕ್ಕೆ ಅವನು ಏನೂ ಹೇಳಿರಲಿಲ್ಲ. ಯೋಚಿಸಬೇಕು, ಸ್ವಲ್ಪ ದಿನ ಕೊಡು ಎಂದಿದ್ದ.

ಎಜ್ರಾ ಬೀಲ್‌ನ ಕರವಸ್ತ್ರ ಕೋಟಿನ ಜೇಬಿನಲ್ಲೇ ಉಳಿದಿತ್ತು. ಅವಳು ಅದನ್ನು ತೆಗೆದು ಮುಖಕ್ಕೆ ಒತ್ತಿಕೊಂಡಳು. ಈ ಸಲ ನಗುವಲ್ಲ.

ಕ್ಲೋವಿಸ್ ಲಾರಿಯನ್ನು ದಾಟಿ ಹೋಗಲು ದಾರಿ ಸಿಕ್ಕರೂ ದಾಟಲಿಲ್ಲ, ಹಿಂದೆಯೇ ಹೋದ.

"ವಸಂತಕ್ಕೆ ಇನ್ನೂ ದಿನ ಇದೆ," ಎಂದ. "ನಾನು ಯೋಚನೆ ಮಾಡ್ತೀನಿ."

"ಮಾಡಿ," ಎಂದಳು ಸಿರಾನ್. "ಸುಮ್ಮನೆ ಸೋಲಬೇಡಿ."